ಕ್ಯಾಲೆಂಡರ್ ಹಿಂದೆ ಬರೆದ ವಾರಿಕ್ ವಂಶಾವಳಿ

ಹದಿನೈದನೇ ಶತಮಾನದಲ್ಲಿ ಲ್ಯಾಂಕಾಸ್ಟರ್ ಮತ್ತು ಯಾರ್ಕ್ ಮನೆತನಗಳು ಇಂಗ್ಲೆಂಡಿನ ಪಟ್ಟಕ್ಕಾಗಿ ಹೊಡೆದಾಡಿದ ಗುಲಾಬಿ ಯುದ್ಧಗಳ ಬಗ್ಗೆ ಓದಲು ಹೋಗಿ ಮೂರು ಸಲ ಅರ್ಧಕ್ಕೇ ಕೈಬಿಟ್ಟಿದ್ದೆ. ಕಾರಣ ಹೆಸರುಗಳು. ವಾರಿಕ್‌ನ ಅರ್ಲ್ (ದೊಡ್ಡ ಪಾಳೆಯಗಾರ ಅನ್ನಿ) ರಿಚರ್ಡ್ ನೆವಿಲ್‌ನನ್ನೇ ತಗೊಳ್ಳಿ. ಅವನ ಅಪ್ಪ ರಿಚರ್ಡ್, ಸೋದರತ್ತೆ ಸಿಸಿಲಿಯ ಗಂಡ ರಿಚರ್ಡ್, ಆ ಅತ್ತೆಯ ಕಿರಿಮಗನೂ ರಿಚರ್ಡ್! ನಾಲ್ಕನೇ ಸಲ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ವಂಶಾವಳಿ ಬರೆಯಲು ಕೂತೆ.

ಮೊದಲು ಎಲ್ಲರ ನಡುವೆ ಗೆರೆ ಎಳೆದು ಸುಮ್ನೆ ‘ಕಸಿನ್’ ಅಂತ ಬರೆದೆ. ತಲೆ ಇನ್ನೂ ಕೆಟ್ಟಿತು. ಅಮ್ಮ ಬಗ್ಗಿ ನೋಡಿ, “ಯಾರ ಮನೇದೋ ಇದು? ಅತ್ತೆ ಮಗನಾ, ಚಿಕ್ಕಪ್ಪನ ಮಗನಾ ಅಂತ ಬರಿ” ಅಂದರು. ಎಲ್ಲ ಅಳಿಸಿ ಹಾಗೇ ಬರೆದೆ.

ವಾರಿಕ್ 1461ರಲ್ಲಿ ಪಟ್ಟಕ್ಕೆ ತಂದ ಯಾರ್ಕ್ ಮನೆಯ ನಾಲ್ಕನೇ ಎಡ್ವರ್ಡ್ ಅವನ ಅತ್ತೆ ಮಗ. ಎಡ್ವರ್ಡನ ತಮ್ಮ ಕ್ಲಾರೆನ್ಸಿನ ಜಾರ್ಜ್‌ಗೆ ವಾರಿಕ್ ತನ್ನ ಮಗಳು ಇಸಬೆಲ್‌ಳನ್ನು ಕೊಟ್ಟ. ಅಪ್ಪನಿಗೆ ಭಾವಮೈದ ಆದವನು ಮಗಳಿಗೆ ಮಾವ. ನಮ್ಮಲ್ಲಾದರೆ ಎಷ್ಟೋ ಮನೆಗಳಲ್ಲಿ ಕೊಟ್ಟು ತರುವ ಸಂಬಂಧವೇ, ಅಲ್ವಾ? ಅಲ್ಲಿ ಇದಕ್ಕೆ ಪೋಪ್ ಅನುಮತಿ ಬೇಕಾಯಿತು. ರಾಜನಿಗಂತೂ ಈ ಮದುವೆ ಬೇಡವೇ ಬೇಡ. ಆದರೂ 1469ರ ಜುಲೈಯಲ್ಲಿ ಕ್ಯಾಲೆಯಲ್ಲಿ ಮದುವೆ ನಡೆಯಿತು. ಕೆಲವೇ ವಾರಗಳಲ್ಲಿ ರಾಜ ವಾರಿಕ್‌ನ ಸೆರೆಯಲ್ಲಿದ್ದ.

ಸಂಬಂಧ ತಿಳಿಯಿತು, ಪಕ್ಷ ಬದಲಾಗಿದ್ದು ಮಾತ್ರ ಕಾಣಲಿಲ್ಲ. ಆಗ ಮದುವೆಯ ಗೆರೆಗಳ ಮೇಲೆಲ್ಲ ಇಸವಿ ಹಾಕಿದೆ. ಲ್ಯಾಂಕಾಸ್ಟರ್‌ಗೆ ಕೆಂಪು ಶಾಯಿ, ಯಾರ್ಕ್‌ಗೆ ನೀಲಿ. (ಯಾರ್ಕ್ ಮನೆಯ ಗುರುತು ಬಿಳಿ ಗುಲಾಬಿ, ಆದರೆ ಬಿಳಿ ಶಾಯಿ ಎಲ್ಲಿಂದ ತರಲಿ?) 1464: ವಾರಿಕ್ ಫ್ರಾನ್ಸಿನ ಕಡೆಯಿಂದ ಹೆಣ್ಣು ತರುವ ಮಾತುಕತೆಯಲ್ಲಿದ್ದಾಗ ಎಡ್ವರ್ಡ್ ಗುಟ್ಟಾಗಿ ಎಲಿಜಬೆತ್ ವುಡ್‌ವಿಲ್‌ಳನ್ನು ಮದುವೆಯಾಗಿಬಿಟ್ಟ. 1465: ವಾರಿಕ್‌ನ ಅರವತ್ತು ದಾಟಿದ ಇನ್ನೊಬ್ಬ ಸೋದರತ್ತೆ ಕ್ಯಾಥರೀನ್‌ಗೆ ರಾಣಿಯ ತಮ್ಮನ ಜೊತೆ ಮದುವೆ, ಹುಡುಗನಿಗೆ ಸುಮಾರು ಇಪ್ಪತ್ತು! ವಾರಿಕ್‌ಗೆ ಎಷ್ಟು ಉರಿದಿರಬೇಡ.

1470ರಲ್ಲಿ ವಾರಿಕ್ ಕೆಂಪಿಗೆ ಬಂದ. ಫ್ರಾನ್ಸಿನ ಆಂಜೆಯಲ್ಲಿ ಹಳೇ ವೈರಿ, ಲ್ಯಾಂಕಾಸ್ಟರ್ ಮನೆಯ ಮಾರ್ಗರೆಟ್ ರಾಣಿಯ ಮುಂದೆ ಮಂಡಿಯೂರಿದ. ಕಿರಿಮಗಳು ಆನ್‌ಳನ್ನು ಅವಳ ಮಗನಿಗೆ ಕೊಟ್ಟ. 1461ರಲ್ಲಿ ಪಟ್ಟ ಕಳೆದುಕೊಂಡಿದ್ದ ಅವಳ ಗಂಡ ಆರನೇ ಹೆನ್ರಿ ಮತ್ತೆ ರಾಜನಾದ. ಇದರಲ್ಲಿ ದೊಡ್ಡ ಅಳಿಯ ಜಾರ್ಜ್‌ಗೆ ಏನು ಸಿಕ್ಕಂತಾಯಿತು? ಅವನು ಮುಂದಿನ ಏಪ್ರಿಲ್‌ನಲ್ಲಿ ಅಣ್ಣನ ಕಡೆಗೇ ವಾಪಸ್. ಏಪ್ರಿಲ್ 14ರಂದು ಎಡ್ವರ್ಡನ ವಿರುದ್ಧದ ಬಾರ್ನೆಟ್ ಯುದ್ಧದಲ್ಲಿ ವಾರಿಕ್ ಸತ್ತ, ತಮ್ಮ ಜಾನ್ ಕೂಡ. ಈ ಜಾನ್ 1470ರವರೆಗೂ ನೀಲಿಯಲ್ಲೇ ಇದ್ದವನು. ಎಡ್ವರ್ಡ್ ಅವನ ನಾರ್ತಂಬರ್‌ಲ್ಯಾಂಡ್ ಅರ್ಲ್ ಪದವಿ ಕಿತ್ತು ಪರ್ಸಿ ಮನೆಯವರಿಗೆ ಕೊಟ್ಟ ಮೇಲೆ ಅವನೂ ಕೆಂಪಿಗೆ ಬಂದಿದ್ದ.

ಮೂರು ವಾರದಲ್ಲಿ ಟ್ಯೂಕ್ಸ್‌ಬರಿ ಯುದ್ಧದಲ್ಲಿ ಆನ್‌ಳ ಗಂಡನೂ ಹೋದ. ಆಮೇಲೆ ಅವಳು ಮದುವೆಯಾಗಿದ್ದು ಎಡ್ವರ್ಡನ ಕಿರಿ ತಮ್ಮ ರಿಚರ್ಡನನ್ನು. ಆ ಗೆರೆ ಎಳೆಯಲು ಹಾಳೆಯಲ್ಲಿ ಜಾಗವೇ ಇರಲಿಲ್ಲ. ಇನ್ನೊಂದು ತಿಂಗಳು ಹರಿದು ಅಂಟಿಸಿದೆ.