ಸ್ಕೂಟರ್ ಕೊಟ್ಟು 125 ಸಿಸಿ ಬೈಕ್ ತಂದಾಗ: ಖರ್ಚಿನ ಲೆಕ್ಕ, ಲೈಸೆನ್ಸ್, ಎಡಗೈ ಅಭ್ಯಾಸ

ಬಳ್ಳಾರಿಯಿಂದ ತೋರಣಗಲ್ಲಿಗೆ ಒಂದು ಕಡೆಗೆ ಸುಮಾರು 30 ಕಿ.ಮೀ. ಹೋಗಿ ಬಂದರೆ 60, ತಿಂಗಳಿಗೆ 25 ದಿನ ಹಿಡಿದರೆ 1,500 ಕಿ.ಮೀ. ಈ ಓಡಾಟಕ್ಕಾಗಿ 110 ಸಿಸಿ ಸ್ಕೂಟರ್ ಮಾರಿ 125 ಸಿಸಿ ಬೈಕ್ ತೆಗೆದುಕೊಂಡೆ. "ಬೈಕ್ ತಗೊಂಡ್ರ ಪೆಟ್ರೋಲಿನ್ಯಾಗೇ ರೊಕ್ಕ ವಾಪಸ್ ಬರ್ತದ" ಅನ್ನುವ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಮೊದಲು ಅದರ ಲೆಕ್ಕ ನೋಡಿ.

ನನ್ನ ಸ್ಕೂಟರ್ ಲೀಟರಿಗೆ 45 ಕೊಡುತ್ತಿತ್ತು, ಬೈಕ್ 62 ಕೊಡುತ್ತಿದೆ. 1,500 ಕಿ.ಮೀ.ಗೆ ಸ್ಕೂಟರಿಗೆ 33.3 ಲೀಟರ್ ಬೇಕು, ಬೈಕಿಗೆ 24.2. ಉಳಿತಾಯ 9.1 ಲೀಟರ್. ಲೀಟರಿಗೆ 103 ರೂಪಾಯಿ ಹಿಡಿದರೆ ತಿಂಗಳಿಗೆ 940 ರೂಪಾಯಿ ಆಸುಪಾಸು.

ಈಗ ಹೋದ ಹಣ. ಎಕ್ಸ್ ಶೋರೂಂ ಬೆಲೆ 80,000 ಎಂದಿಟ್ಟುಕೊಳ್ಳಿ. ಕರ್ನಾಟಕದಲ್ಲಿ 50 ಸಾವಿರದಿಂದ ಒಂದು ಲಕ್ಷದೊಳಗಿನ ದ್ವಿಚಕ್ರ ವಾಹನಕ್ಕೆ ಜೀವಿತಾವಧಿ ತೆರಿಗೆ ಶೇ 12, ಆ ತೆರಿಗೆಯ ಮೇಲೆ ಶೇ 11 ಸೆಸ್. 9,600ಕ್ಕೆ 1,056 ಸೇರಿ 10,656. ಹೊಸ ಗಾಡಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. 75ರಿಂದ 150 ಸಿಸಿಯವರೆಗೆ 3,851, ಜಿಎಸ್‌ಟಿ ಸೇರಿ 4,544. ಒಂದು ವರ್ಷದ ಓನ್ ಡ್ಯಾಮೇಜ್ (ನಮ್ಮ ಗಾಡಿಗೇ ಆಗುವ ಹಾನಿಯ ವಿಮೆ) ಮತ್ತು ಚಾಲಕನ ಅಪಘಾತ ವಿಮೆಗೆ 1,800 ಬಿತ್ತು. ನೋಂದಣಿ ಶುಲ್ಕ 300, ಕಾರ್ಡ್ 200, ಕಾರ್ಮಿಕ ಕಲ್ಯಾಣದ ಹೆಚ್ಚುವರಿ ಸೆಸ್ 500. ಒಟ್ಟು 98,000. ಸಾಲ ಮಾಡಿದರೆ ಆರ್‌ಸಿಯಲ್ಲಿ ಹೈಪೋಥಿಕೇಶನ್, ಅಂದರೆ ಸಾಲ ಕೊಟ್ಟ ಬ್ಯಾಂಕಿನ ಹೆಸರು, ಬರೆಸಲು ಇನ್ನೂ 500.

ಸ್ಕೂಟರ್ ಹೊರಗೆ 34,000ಕ್ಕೆ ಹೋಯಿತು. ಉಳಿದ 64,000ಕ್ಕೆ ಲೈಸೆನ್ಸಿನ 1,200, ಕ್ರ್ಯಾಶ್ ಗಾರ್ಡ್, ಪಕ್ಕದ ಬಾಕ್ಸ್, ಹಿಂದೆ ಕೂರುವವರ ಹೆಲ್ಮೆಟ್ ಎಲ್ಲಾ ಸೇರಿ 3,500 ಕೂಡಿಸಿ: 68,700. ಇದನ್ನು 940ರಿಂದ ಭಾಗಿಸಿದರೆ 73 ತಿಂಗಳು. ಆರು ವರ್ಷದ ಮೇಲಾಯಿತು. ದಿನಕ್ಕೆ 20 ಕಿ.ಮೀ. ಓಡಿಸುವವರಿಗೆ ಇದು ಹದಿನೆಂಟು ವರ್ಷ. ಆದ್ದರಿಂದ ಸ್ಕೂಟರ್ ಚೆನ್ನಾಗಿದ್ದರೆ ಬರೀ ಮೈಲೇಜಿಗಾಗಿ ಬದಲಾಯಿಸಬೇಡಿ. ನನ್ನ ಗಾಡಿಗೆ ಪಿಸ್ಟನ್, ರಿಂಗ್, ಬೆಲ್ಟ್, ರೋಲರ್, ಕ್ಲಚ್ ಶೂ ಎಲ್ಲವೂ ಒಟ್ಟಿಗೆ ಬದಲಾಯಿಸುವ ಹಂತಕ್ಕೆ ಬಂದಿದ್ದವು, ಜೊತೆಗೆ ಅದಿರು ಲಾರಿಗಳು ಕಿತ್ತು ಹಾಕಿದ ರಸ್ತೆ. ಸ್ಕೂಟರಿನ ಹಿಂದಿನ 10 ಇಂಚಿನ ಚಕ್ರ ಗುಂಡಿಯೊಳಗೆ ಇಳಿದು ಏಳುತ್ತದೆ. ಬೈಕಿನ 18 ಇಂಚಿನದು ಅದೇ ಗುಂಡಿಯ ಮೇಲೆ ಉರುಳಿ ಹೋಗುತ್ತದೆ. ಸೊಂಟಕ್ಕೆ ಗೊತ್ತಾಗುವ ವ್ಯತ್ಯಾಸ ಅದು. ನಾನು ಬದಲಾಯಿಸಿದ್ದು ಈ ಎರಡು ಕಾರಣಕ್ಕೆ.

ಮಾಡೆಲ್ ಆರಿಸುವಾಗ ಒಂದು ಲಕ್ಷದ ಗೆರೆ ನೆನಪಿರಲಿ. ಅದರ ಮೇಲೆ ತೆರಿಗೆ ಶೇ 18. ಸೆಸ್ ಸೇರಿ 99,000ದ ಗಾಡಿಗೆ ತೆರಿಗೆ 13,187 ಆದರೆ 1,01,000ದ ಗಾಡಿಗೆ 20,180. ಎರಡು ಸಾವಿರ ಹೆಚ್ಚಿನ ಬೆಲೆಗೆ ಏಳು ಸಾವಿರ ಹೆಚ್ಚಿನ ತೆರಿಗೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗೆ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದ್ದರಿಂದ ಕೆಲವು ಮಾಡೆಲ್‌ಗಳು ಈ ಗೆರೆಯ ಕೆಳಗೆ ಬಂದಿವೆ. ಕೊಟೇಶನ್ನಿನಲ್ಲಿ ಪ್ರತಿ ಬಾಬ್ತನ್ನೂ ಬಿಡಿಸಿ ಬರೆಸಿಕೊಳ್ಳಿ. "ಹ್ಯಾಂಡ್ಲಿಂಗ್" ಎಂದು ಬರೆದ ಸಾಲನ್ನು ಹೊಡೆದು ಹಾಕಲು ಹೇಳಿ. ಹೊಸ ಗಾಡಿಯ ಜೊತೆ ಐಎಸ್‌ಐ ಹೆಲ್ಮೆಟ್ ಕೊಡಬೇಕೆಂಬುದು ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ಇದೆ. ಕೇಳಿದವರಿಗೆ ಮಾತ್ರ ಸಿಗುತ್ತದೆ, ಕೇಳಿ.

ಹಳೇ ಗಾಡಿ ಮಾರುವಾಗ ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30ಕ್ಕೆ ಸಹಿ ಹಾಕಿ ಕೈ ತೊಳೆದುಕೊಂಡರೆ ಆಗದು. ಆರ್‌ಸಿ ಕೊಂಡವರ ಹೆಸರಿಗೆ ಆಗುವವರೆಗೆ ಅಪಘಾತದ ಹೊಣೆ ನೋಂದಾಯಿತ ಮಾಲೀಕನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ನಾನು 3,000 ರೂಪಾಯಿ ಕಡಿಮೆ ಹೇಳಿದವರಿಗೆ ಕೊಟ್ಟೆ, ಅವರು ನನ್ನ ಜೊತೆ ಆರ್‌ಟಿಒ ಕಚೇರಿಗೆ ಬರಲು ಒಪ್ಪಿದ್ದರಿಂದ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಮೊದಲು ಫಾರ್ಮ್ 35 ಕೊಟ್ಟು ತೆಗೆಸಿ. ವಿಮಾ ಕಂಪನಿಯಿಂದ ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದೇ ಇದ್ದುದಕ್ಕೆ ಸಿಗುವ ರಿಯಾಯಿತಿ) ಪತ್ರವನ್ನೂ ತೆಗೆದುಕೊಳ್ಳಿ. ಆ ಬೋನಸ್ ಗಾಡಿಯದ್ದಲ್ಲ, ಮಾಲೀಕನದು. ಹೊಸ ಬೈಕಿನ ಓನ್ ಡ್ಯಾಮೇಜ್ ಕಂತಿನಲ್ಲಿ ಕಡಿತ ಸಿಗುತ್ತದೆ.

ಬಹಳ ಜನ ಎಡವುವುದು ಲೈಸೆನ್ಸಿನಲ್ಲಿ. ಸ್ಕೂಟರಿನಲ್ಲಿ ಟೆಸ್ಟ್ ಕೊಟ್ಟವರ ಡಿಎಲ್‌ನಲ್ಲಿ ಗೇರ್ ಇಲ್ಲದ ಗಾಡಿಯ ವರ್ಗ ಮಾತ್ರ ಇರುತ್ತದೆ: ಎಂಸಿಡಬ್ಲ್ಯುಒಜಿ. ಬೈಕಿಗೆ ಎಂಸಿಡಬ್ಲ್ಯುಜಿ ಬೇಕು. ಇಲ್ಲದೆ ಓಡಿಸಿ ಬಿದ್ದರೆ ವಿಮೆ ಕೇಳುವಾಗ ಕೈ ಕಟ್ಟಿ ಹೋಗುತ್ತದೆ. ಸಾರಿಗೆ ಇಲಾಖೆಯ ಸಾರಥಿ ಪೋರ್ಟಲ್‌ನಲ್ಲಿ ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಮಾಡಿಸಲು 150 ಮತ್ತು ಪರೀಕ್ಷೆಗೆ 50. 30 ದಿನ ಕಳೆದ ಮೇಲೆ, ಆರು ತಿಂಗಳೊಳಗೆ ಟ್ರ್ಯಾಕ್ ಟೆಸ್ಟಿಗೆ 300, ವರ್ಗ ಸೇರಿಸಲು 500, ಕಾರ್ಡಿಗೆ 200. ಗಾಡಿ ಬುಕ್ ಮಾಡುವ ಮೊದಲೇ ಎಲ್‌ಎಲ್ ಮಾಡಿಸಿಡಿ.

ಓಡಿಸುವುದರಲ್ಲಿ ಗೇರಿಗಿಂತ ಕಷ್ಟ ಎಡಗೈಯದು. ಸ್ಕೂಟರಿನಲ್ಲಿ ಎಡಗಡೆಯ ಲಿವರ್ ಹಿಂದಿನ ಬ್ರೇಕ್, ಬೈಕಿನಲ್ಲಿ ಅದು ಕ್ಲಚ್. ಎದುರಿಗೆ ಎಮ್ಮೆ ಅಡ್ಡ ಬಂದರೆ ವರ್ಷಗಳ ಅಭ್ಯಾಸದಿಂದ ಎಡಗೈ ಗಟ್ಟಿಯಾಗಿ ಹಿಡಿಯುತ್ತದೆ. ಆಗ ಬ್ರೇಕ್ ಬೀಳುವುದಿಲ್ಲ, ಅದರ ಬದಲು ಎಂಜಿನ್ ಚಕ್ರದಿಂದ ಬಿಟ್ಟುಹೋಗಿ ಇದ್ದ ಹಿಡಿತವೂ ಹೋಗುತ್ತದೆ, ಗಾಡಿ ಹಾಗೇ ಉರುಳುತ್ತದೆ. ಇದಕ್ಕೆ ಖಾಲಿ ಮೈದಾನದಲ್ಲಿ ಅಭ್ಯಾಸ ಬಿಟ್ಟರೆ ಬೇರೆ ದಾರಿಯಿಲ್ಲ. ಎರಡನೇ ಗೇರಿನಲ್ಲಿ 20 ಕಿ.ಮೀ. ವೇಗಕ್ಕೆ ತಂದು, ಆಕ್ಸಿಲರೇಟರ್ ಬಿಟ್ಟು, ಬಲಗಾಲು ಮತ್ತು ಬಲಗೈ ಬ್ರೇಕ್ ಒಟ್ಟಿಗೆ ಒತ್ತಿ. ಗಾಡಿ ನಿಲ್ಲುವ ಒಂದು ಮಾರು ಮೊದಲು ಮಾತ್ರ ಕ್ಲಚ್. ದಿನಕ್ಕೆ 20 ಸಲದಂತೆ ಹತ್ತು ದಿನ ಮಾಡಿದ ಮೇಲೆಯೇ ನಾನು ಹೆದ್ದಾರಿಗೆ ಇಳಿದದ್ದು. ಓಡುವಾಗ ಬಲಪಾದ ಬ್ರೇಕ್ ಪೆಡಲಿನ ಮೇಲ್ಗಡೆಯೇ ಇರಬೇಕು, ಆದರೆ ಅದಕ್ಕೆ ತಾಗಿರಬಾರದು.

ಎಂಜಿನ್ ಆಯಿಲ್ ವಿಷಯದಲ್ಲಿ ತಪ್ಪು ಮಾಡಬೇಡಿ. ಮನೆಯಲ್ಲಿ ಉಳಿದ ಸ್ಕೂಟರ್ ಡಬ್ಬಿ ಬೈಕಿಗೆ ಸುರಿಯಬಾರದು. ಬೈಕಿನ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲಿನಲ್ಲೇ ಮುಳುಗಿರುತ್ತವೆ. ಸ್ಕೂಟರಿನ ಜಾಸೊ ಎಂಬಿ (ಜಾಸೊ ಎಂಬುದು ಜಪಾನಿನ ಆಯಿಲ್ ಮಾನದಂಡ) ಆಯಿಲ್ ಜಾರುವ ಗುಣದ್ದು. ಹಾಕಿದರೆ ಕ್ಲಚ್ ಜಾರಿ, ಎಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ. ಡಬ್ಬಿಯ ಮೇಲೆ ಜಾಸೊ ಎಂಎ ಅಥವಾ ಎಂಎ2 ಇರಲಿ.

ಚೈನ್ ಹೊಸ ಕೆಲಸ. ಸ್ಕೂಟರಿನ ಬೆಲ್ಟ್ ಮುಚ್ಚಿದ ಡಬ್ಬಿಯಲ್ಲಿರುತ್ತದೆ, ಅದನ್ನು ನಾವು ನೋಡುವುದೇ ಇಲ್ಲ. ಇಲ್ಲಿ ಕೆಂಪು ಅದಿರು ಧೂಳು ಎಣ್ಣೆಯ ಜೊತೆ ಸೇರಿ ಅರೆಯುವ ಮಸಾಲೆಯಂತೆ ಆಗಿ ಚೈನು, ಅದು ಸುತ್ತುವ ಹಲ್ಲಿನ ಚಕ್ರ (ಸ್ಪ್ರಾಕೆಟ್) ಎರಡನ್ನೂ ತಿನ್ನುತ್ತದೆ. ಹಾಗಾಗಿ ಪೂರ್ತಿ ಮುಚ್ಚಿದ ಚೈನ್ ಕವರ್ ಇರುವ ಮಾಡೆಲ್ ತೆಗೆದುಕೊಳ್ಳಿ, ನೋಡಲು ಚೆನ್ನಾಗಿಲ್ಲದಿದ್ದರೂ ಸರಿ. 500 ಕಿ.ಮೀ.ಗೊಮ್ಮೆ ಒರೆಸಿ, 90 ನಂಬರ್ ಗೇರ್ ಆಯಿಲ್ ಒಳಮೈಗೆ ತೆಳುವಾಗಿ ಹಚ್ಚಿ, ಹೆಚ್ಚಾದದ್ದನ್ನು ಮತ್ತೆ ಬಟ್ಟೆಯಲ್ಲಿ ಒರೆಸಿಬಿಡಿ. ಸಡಿಲಿಕೆ ಕೆಳಗಿನ ಚೈನಿನ ನಡುವೆ ಬೆರಳಿನಿಂದ ಎತ್ತಿ ನೋಡಿ: 20ರಿಂದ 30 ಮಿ.ಮೀ. ಆಡಬೇಕು. ಬಿಗಿ ಮಾಡುವಾಗ ಎರಡೂ ಬದಿಯ ಗುರುತುಗಳು ಸಮನಾಗಿರಲಿ, ಇಲ್ಲದಿದ್ದರೆ ಸ್ಪ್ರಾಕೆಟ್ ಹಲ್ಲು ಒಂದೇ ಕಡೆ ಸವೆಯುತ್ತದೆ. ಚಕ್ರ ಹಿಂದಕ್ಕೆ ಸರಿದಾಗ ಡ್ರಮ್ ಬ್ರೇಕಿನ ರಾಡು ಎಳೆದುಕೊಂಡು ಬ್ರೇಕ್ ಕಚ್ಚಿ ಹಿಡಿಯುತ್ತದೆ. ಕೆಲಸ ಮುಗಿದ ಮೇಲೆ ಸೆಂಟರ್ ಸ್ಟ್ಯಾಂಡಿನಲ್ಲಿ ಹಿಂದಿನ ಚಕ್ರ ಕೈಯಿಂದ ತಿರುಗಿಸಿ. ಸಲೀಸಾಗಿ ತಿರುಗದಿದ್ದರೆ ಬ್ರೇಕ್ ನಟ್ ಸಡಿಲಿಸಿ ಮತ್ತೆ ಹೊಂದಿಸಬೇಕು. ಅವಸರದಲ್ಲಿ ಗ್ಯಾರೇಜಿನವರು ಬಿಡುವುದೇ ಇದನ್ನು.

ಕಳೆದುಕೊಂಡದ್ದು ಡಿಕ್ಕಿ ಮತ್ತು ಕಾಲಿಡುವ ಜಾಗ. ಗಂಗಾವತಿಯ 25 ಕೆ.ಜಿ. ಸೋನಾ ಮಸೂರಿ ಚೀಲ ಸ್ಕೂಟರಿನಲ್ಲಿ ಕಾಲ ಬಳಿ ಕೂರುತ್ತಿತ್ತು. ಬೈಕಿನಲ್ಲಿ ಅದನ್ನು ಹಿಂದಿನ ಸೀಟಿಗೆ ಎರಡು ರಬ್ಬರ್ ಹಗ್ಗದಿಂದ ಅಡ್ಡಡ್ಡ ಬಿಗಿದು, ಟೈರಿಗೆ ಇಬ್ಬರ ಸವಾರಿಯ ಗಾಳಿ ಹಿಡಿಸಿ ತರುತ್ತೇನೆ.