ಹೆಪ್ಪಿನ ಮೊಸರಿನ ಪ್ರೋಬಯಾಟಿಕ್ ಪರೀಕ್ಷೆ: ಮೊದಲು ಸುರಕ್ಷತೆ, ಆಮೇಲೆ ಆಮ್ಲ

ಪ್ರೋಬಯಾಟಿಕ್ ಎಂದರೆ ಆರೋಗ್ಯಕ್ಕೆ ಒಳಿತು ಮಾಡುವ ಜೀವಂತ ಸೂಕ್ಷ್ಮಾಣು; ಹೊಟ್ಟೆಯ ಆಮ್ಲವನ್ನು ಅದು ತಾಳಬೇಕು. ಮನೆಯ ಹೆಪ್ಪಿನಿಂದ ತೆಗೆದ ಬ್ಯಾಕ್ಟೀರಿಯಾ ಹೊಟ್ಟೆಯಂಥ ಆಮ್ಲದಲ್ಲಿ, ಅಂದರೆ ಪಿಎಚ್ 2.5ರಲ್ಲಿ, ಮೂರು ಗಂಟೆ ತಾಳುವುದಿಲ್ಲ ಎಂದವರೇ ಹೆಚ್ಚು. ನಾವು ಬೇರ್ಪಡಿಸಿದ ಸುಮಾರು 40 ಐಸೋಲೇಟ್‌ (ಬ್ಯಾಕ್ಟೀರಿಯಾ ತಳಿ)ಗಳಲ್ಲಿ ಮೂರು ತಾಳಿದವು. ಮಿ.ಲೀ.ಗೆ 9 ಲಾಗ್ (ನೂರು ಕೋಟಿ ಜೀವಂತ ಕೋಶ) ಇದ್ದದ್ದು 7ರ (ಒಂದು ಕೋಟಿಯ) ಆಸುಪಾಸಿಗೆ ಇಳಿಯಿತು, ಅಷ್ಟೇ.

ದುಡ್ಡು ಹಾಳಾದದ್ದು ಪರೀಕ್ಷೆಗಳ ಕ್ರಮ ತಪ್ಪಿದ್ದರಿಂದ. ನಲವತ್ತನ್ನೂ ಮೊದಲೇ 16ಎಸ್ ಸೀಕ್ವೆನ್ಸಿಂಗ್‌ಗೆ (ಜೀನ್ ಓದಿ ಜಾತಿ ಗುರುತಿಸುವುದಕ್ಕೆ) ಕಳಿಸಿ ಐವತ್ತು ಸಾವಿರ ರೂಪಾಯಿಯ ಹತ್ತಿರ ಹೋಯಿತು. ಕಾಲು ಭಾಗ ಎಂಟೆರೊಕಾಕಸ್ ಎಂದು ಬಂತು; ಅದರಲ್ಲಿ ರೋಗ ತರುವವೂ ಇರುವುದರಿಂದ ನಮಗೆ ಬೇಡ. ಗ್ರಾಮ್ ಬಣ್ಣ ಹಾಕಿ ನೋಡಿದಾಗ ಕೋಕೈ (ದುಂಡನೆಯ ಕೋಶ) ಕಂಡಾಗಲೇ ಬೈಲ್ (ಪಿತ್ತ) ಎಸ್ಕ್ಯುಲಿನ್ ಮತ್ತು 6.5% ಉಪ್ಪಿನ ಬ್ರಾತ್ (ಪೋಷಕ ದ್ರವ) ಪರೀಕ್ಷೆ ಹಾಕಿದ್ದರೆ ಚಿಲ್ಲರೆ ಖರ್ಚಿನಲ್ಲಿ ಬೇರೆಯಾಗುತ್ತಿದ್ದವು. ಈಗ ಬ್ಲಡ್ ಅಗಾರ್ (ಕೆಂಪು ರಕ್ತಕಣ ಒಡೆಯುತ್ತದೆಯೇ ಎಂದು ನೋಡುವ ರಕ್ತದ ಪ್ಲೇಟ್) ಮೊದಲು, ಸೀಕ್ವೆನ್ಸಿಂಗ್ ಕೊನೆಗೆ. ಹಸಿರು ವಲಯ ಕಂಡ ತಕ್ಷಣ ಎಸೆಯಬೇಡಿ. ಹೈಡ್ರೋಜನ್ ಪೆರಾಕ್ಸೈಡ್ ಬಿಡುವ ಲ್ಯಾಕ್ಟೋಬ್ಯಾಸಿಲಸ್ ಕೂಡ ಹಾಗೆ ತೋರಿಸುತ್ತದೆ. ಅನಏರೋಬಿಕ್ ಜಾರ್‌ನಲ್ಲಿ ಇನ್ನೊಮ್ಮೆ ನೋಡಿ. ಬೀಟಾ (ರಕ್ತಕಣ ಪೂರ್ತಿ ಒಡೆದ ತಿಳಿ ವಲಯ) ಬಂದರೆ ಮಾತ್ರ ಎರಡನೇ ಯೋಚನೆ ಬೇಡ, ಎಸೆಯಿರಿ.

ಆಮ್ಲ ಪರೀಕ್ಷೆಯ ಮೊದಲ ಎರಡು ಸುತ್ತು ಪೂರ್ತಿ ದಂಡ, ಏಕೆಂದರೆ ಟರ್ಬಿಡಿಟಿ (ದ್ರವದ ಮಬ್ಬು) ರೀಡಿಂಗ್ ನಂಬಿದ್ದೆವು. ಸತ್ತ ಕೋಶವೂ ಮಬ್ಬು ತೋರಿಸುತ್ತದೆ. ಬೈಲ್ ಬ್ರಾತ್‌ನಲ್ಲಿ ಇನ್ನೂ ಮೋಸ: ಆಮ್ಲ ಹೆಚ್ಚಿದಂತೆ ಬೈಲ್ ಲವಣವೇ ಗಸಿಯಾಗಿ ಇಳಿದು ಬೆಳವಣಿಗೆಯಂತೆ ಕಾಣುತ್ತದೆ. ಬದುಕಿದ ಕೋಶಗಳನ್ನಷ್ಟೇ ತೋರಿಸುವ ಪ್ಲೇಟ್ ಎಣಿಕೆಗೆ ಬದಲಿಲ್ಲ. 16–18 ಗಂಟೆಯ ಕಲ್ಚರ್ ಅನ್ನು ಪಿಬಿಎಸ್‌ನಲ್ಲಿ (ಫಾಸ್ಫೇಟ್ ಉಪ್ಪಿನ ಬಫರ್) ಎರಡು ಸಲ ತೊಳೆದು, ಆಟೋಕ್ಲೇವ್ ಆದ ಮೇಲೆ ಪಿಎಚ್ ಸರಿಮಾಡಿದ ಬಫರ್‌ಗೆ ಹಾಕಿ. ಕೋಶ ಸೇರಿಸಿದ ನಂತರವೂ ಮೀಟರ್ ಇಡಿ, ಅರ್ಧ ಅಂಕಿ ಏರಿರುವುದುಂಟು. ತೆಗೆದ 0.1 ಮಿ.ಲೀ. ತಕ್ಷಣ 0.9 ಮಿ.ಲೀ. ತಟಸ್ಥ ಬಫರ್‌ಗೆ ಹೋಗಬೇಕು, ಇಲ್ಲದಿದ್ದರೆ ಡೈಲ್ಯೂಷನ್ ಮಾಡುವಷ್ಟರಲ್ಲಿ ಆಮ್ಲ ಇನ್ನೂ ಕೊಲ್ಲುತ್ತಿರುತ್ತದೆ. ಸರಪಳಿ ಕಟ್ಟುವ ತಳಿಗೆ ವೋರ್ಟೆಕ್ಸ್ ಚೆನ್ನಾಗಿ ಕೊಡಿ.

ನಡುವೆ ಮಜ್ಜಿಗೆಯಲ್ಲಿ ಕೋಶ ಬೆರೆಸಿಯೂ ನೋಡಿದ್ದಾಯಿತು. ಒಂದು ಲಾಗ್ ಹೆಚ್ಚು ಉಳಿಯಿತು ಎಂದು ಹಿಗ್ಗಿದೆವು. ಮೀಟರ್ ಇಟ್ಟರೆ ಪಿಎಚ್ 3 ದಾಟಿತ್ತು. ಆಮ್ಲ ಹಾಕಿ ಮತ್ತೆ 2.5ಕ್ಕೆ ಇಳಿಸಿದಾಗ ಅಂತರ ಅರ್ಧಕ್ಕಿಂತ ಕಡಿಮೆಯಾಯಿತು. ಹಾಲಿನ ಪ್ರೋಟೀನ್ ಕಾಪಾಡುವುದು ನಿಜ, ಆದರೆ ಬಹುಪಾಲು ಅದರ ಬಫರ್ ಗುಣದಿಂದಲೇ.

ಆ್ಯಂಟಿಬಯಾಟಿಕ್ ನಿರೋಧದ ಪರೀಕ್ಷೆಗೆ ಮ್ಯುಲ್ಲರ್-ಹಿಂಟನ್ ಅಗಾರ್ ಮೇಲೆ ಔಷಧದ ಡಿಸ್ಕ್ ಇಟ್ಟು ಪೆಟ್ಟಿಗೆಗಟ್ಟಲೆ ಪ್ಲೇಟ್ ಕಳೆದವು, ಬೆಳವಣಿಗೆಯೇ ಸರಿಯಾಗಿ ಬರಲಿಲ್ಲ. ಐಸೋ-ಸೆನ್ಸಿಟೆಸ್ಟ್ ಬ್ರಾತ್ 90 ಪಾಲು, ಎಂಆರ್‌ಎಸ್ (ಲ್ಯಾಕ್ಟೋಬ್ಯಾಸಿಲಸ್ ಬೆಳೆಸುವ ಬ್ರಾತ್) 10 ಪಾಲು, ಪಿಎಚ್ 6.7, ಮೈಕ್ರೋಡೈಲ್ಯೂಷನ್: ಇದಕ್ಕೆ ಬದಲಾದ ಮೇಲೆ ಎಂಐಸಿ (ಬೆಳವಣಿಗೆ ತಡೆಯುವ ಕನಿಷ್ಠ ಔಷಧ ಪ್ರಮಾಣ) ನೆಟ್ಟಗೆ ಬಂತು. ವ್ಯಾಂಕೋಮೈಸಿನ್ ನಿರೋಧ ಕಂಡು ಗಾಬರಿಯಾಗಬೇಡಿ, ಪ್ಲಾಂಟಾರಮ್, ಫರ್ಮೆಂಟಮ್ ಎಂಬ ಲ್ಯಾಕ್ಟೋಬ್ಯಾಸಿಲಸ್ ಜಾತಿಗಳಿಗೆ ಅದು ಹುಟ್ಟುಗುಣ, ಬೇರೆ ಬ್ಯಾಕ್ಟೀರಿಯಾಕ್ಕೆ ದಾಟಿ ಹೋಗುವುದಿಲ್ಲ. ಟೆಟ್ರಾಸೈಕ್ಲಿನ್ ನಿರೋಧ ಬಂದರೆ, ದಾಟಬಲ್ಲ ಟೆಟ್-ಎಂ ಜೀನ್‌ ಇದೆಯೇ ಎಂದು ಪಿಸಿಆರ್ ಹಾಕಲೇಬೇಕು. ಈ ಕಾರಣಕ್ಕೆ ಚೆನ್ನಾಗಿದ್ದ ಒಂದು ತಳಿಯನ್ನು ಕೈಬಿಟ್ಟೆವು.

ಆಮ್ಲ ತಾಳಿದ ಆ ಮೂರೂ ಇ. ಕೋಲಿ, ಲಿಸ್ಟೀರಿಯಾ ಎಂಬ ರೋಗಾಣುಗಳ ವಿರುದ್ಧ ದೊಡ್ಡ ವಲಯ (ಅವು ಬೆಳೆಯದ ಜಾಗ) ಕೊಟ್ಟವು. ಸೂಪರ್‌ನೇಟೆಂಟ್ (ಕೋಶ ತೆಗೆದ ಮೇಲಿನ ದ್ರವ) ಅನ್ನು ಪಿಎಚ್ 6.5ಕ್ಕೆ ತಂದಾಗ ಎರಡರ ವಲಯ ಮಾಯ, ಅದು ಬರೀ ಆಮ್ಲ. ಮೂರನೆಯದರದು ಲಿಸ್ಟೀರಿಯಾ ಮೇಲೆ ಉಳಿಯಿತು. ಪೆರಾಕ್ಸೈಡ್ ಒಡೆಯುವ ಕ್ಯಾಟಲೇಸ್‌ಗೂ ಜಗ್ಗಲಿಲ್ಲ, ಪ್ರೋಟೀನ್ ಒಡೆಯುವ ಪ್ರೋಟೀನೇಸ್-ಕೆ ಹಾಕಿದಾಗ ಹೋಯಿತು. ಬ್ಯಾಕ್ಟೀರಿಯೋಸಿನ್ (ಬೇರೆ ಬ್ಯಾಕ್ಟೀರಿಯಾ ಕೊಲ್ಲುವ ಪ್ರೋಟೀನ್) ಇರುವಂತಿದೆ. ಶುದ್ಧೀಕರಣ ನಡೆಯುತ್ತಿದೆ. ಪ್ರೋಟೀನ್ ಗಸಿಯಾಗಿಸಲು ಹಾಕುವ ಅಮೋನಿಯಂ ಸಲ್ಫೇಟ್ ಎಷ್ಟು ಶೇಕಡಾ ಇದ್ದಾಗ ಅದು ಇಳಿಯಿತು ಎಂಬುದನ್ನು ಸದ್ಯಕ್ಕೆ ನಮ್ಮಲ್ಲೇ ಇಟ್ಟುಕೊಂಡಿದ್ದೇವೆ.