ಕ್ಯೋಟೊದಲ್ಲಿ ಸಕುರ: ತಾರೀಖು ನೆಚ್ಚಬೇಡಿ, ಮರದ ತಳಿ ನೋಡಿ ಹೊರಡಿ

ಸಕುರ ಎಂದರೆ ಜಪಾನಿನ ಚೆರ್ರಿ ಹೂವು. ಅದನ್ನು ನೋಡಲು ಹೋಗಿ ಬರೀ ಮೊಗ್ಗು ನೋಡಿ ಬಂದವರೂ ಇದ್ದಾರೆ, ಎಸಳೆಲ್ಲ ಉದುರಿದ ಮೇಲೆ ತಲುಪಿದವರೂ ಇದ್ದಾರೆ. ವಿಮಾನದ ಟಿಕೆಟ್ಟನ್ನು ತಿಂಗಳುಗಟ್ಟಲೆ ಮೊದಲೇ ಮಾಡಿಸಬೇಕು. ಹೂವು ಮಾತ್ರ ಆ ವರ್ಷದ ಚಳಿ, ಬಿಸಿಲು ನೋಡಿಕೊಂಡೇ ಅರಳುತ್ತದೆ. ಲೆಕ್ಕ ನಾಲ್ಕು ದಿನ ಹಿಂದುಮುಂದಾದರೂ ಕೈಬಿಡದ ಊರು ಕ್ಯೋಟೊ. ಇಲ್ಲಿ ಹಲವು ತಳಿಗಳು ಒಂದರ ಹಿಂದೊಂದು ಅರಳುವುದರಿಂದ ಮಾರ್ಚ್ ಕೊನೆಯಿಂದ ಏಪ್ರಿಲ್ ನಡುವಿನವರೆಗೆ ಯಾವುದಾದರೊಂದು ಮೂಲೆಯಲ್ಲಿ ಹೂವು ಸಿಕ್ಕೇ ಸಿಗುತ್ತದೆ. ಹೆಸರುವಾಸಿ ಜಾಗಗಳ ಪಟ್ಟಿ ಹಿಡಿದು ಓಡುವ ಬದಲು, ನೀವಿರುವ ದಿನಗಳಲ್ಲಿ ಯಾವ ತಳಿ ಅರಳಿರುತ್ತದೆ ಎಂದು ನೋಡಿ ಜಾಗ ಆರಿಸಿಕೊಳ್ಳಿ.

ಮೊದಲು ಹೂವಿನ ಲೆಕ್ಕ

ನದಿ ದಂಡೆ, ಕಾಲುವೆ ಬದಿಯಲ್ಲಿ ಸಾಲುಸಾಲಾಗಿ ಕಾಣುವ ತೆಳುಗುಲಾಬಿ ಮರ ಸೊಮೇಯ್ ಯೊಶಿನೊ. ಇದನ್ನು ಕಸಿ ಕಟ್ಟಿಯೇ ಬೆಳೆಸುವುದರಿಂದ ಎಲ್ಲ ಮರಗಳ ವಂಶವಾಹಿ ಒಂದೇ. ಅದಕ್ಕೇ ಒಂದು ಬೀದಿಯ ಮರಗಳೆಲ್ಲ ಒಟ್ಟಿಗೆ ಅರಳಿ, ಒಟ್ಟಿಗೆ ಉದುರುತ್ತವೆ. ಹಿಂದಿನ ಬೇಸಿಗೆಯಲ್ಲೇ ಮೊಗ್ಗು ಕಟ್ಟಿರುತ್ತದೆ. ಚಳಿಗಾಲದ ಕೊರೆತ ಅದರ ನಿದ್ದೆ ಬಿಡಿಸಬೇಕು, ಆಮೇಲಿನ ಬಿಸಿಲು ಅದನ್ನು ಬಿರಿಸಬೇಕು.

ಲೆಕ್ಕಕ್ಕೆಂದೇ ಗುರುತಿಸಿಟ್ಟ ಮರದಲ್ಲಿ ಐದಾರು ಹೂವು ಬಿಟ್ಟರೆ ಜಪಾನಿನ ಹವಾಮಾನ ಇಲಾಖೆ ‘ಅರಳಿತು’ ಎನ್ನುತ್ತದೆ, ಶೇ 80ರಷ್ಟು ಅರಳಿದರೆ ‘ತುಂಬು ಹೂವು’. ಕ್ಯೋಟೊದ ವಾಡಿಕೆಯಂತೆ ಮೊದಲನೆಯದು ಮಾರ್ಚ್ 26, ಎರಡನೆಯದು ಏಪ್ರಿಲ್ 4. ಆದರೆ 2021ರಲ್ಲಿ ಮಾರ್ಚ್ 26ಕ್ಕೇ ಮರ ತುಂಬಿಬಿಟ್ಟಿತ್ತು. ಅದುವರೆಗಿನ ಸಾವಿರದ ಇನ್ನೂರು ವರ್ಷಗಳ ದಾಖಲೆಯಲ್ಲಿ ಅಷ್ಟು ಬೇಗ ಅರಳಿದ್ದೇ ಇರಲಿಲ್ಲ. ಮೊದಲ ಸಲ ಹೋಗುವವರು ಏಪ್ರಿಲ್ 2ನ್ನು ನಡುವಿಟ್ಟುಕೊಂಡು ಐದಾರು ರಾತ್ರಿ ಉಳಿಯುವುದು ಕ್ಷೇಮ. ಎರಡೇ ರಾತ್ರಿ ಉಳಿದರೆ ಮಳೆ ಬಂದಾಗ ಬದಲಿ ದಿನವೇ ಇರುವುದಿಲ್ಲ.

ರೂಮು, ವೀಸಾ

ಈ ವಾರಗಳಲ್ಲಿ ಕ್ಯೋಟೊ ಹೋಟೆಲ್ ದರ ಮುಗಿಲು ಮುಟ್ಟುತ್ತದೆ. ಹಣ ಕಳೆದುಕೊಳ್ಳದೆ ರದ್ದು ಮಾಡಬಹುದಾದ ರೂಮನ್ನು ಮೊದಲೇ ಹಿಡಿದಿಡಿ. ಸಿಗದಿದ್ದರೆ ರೈಲಿನಲ್ಲಿ ಹತ್ತು ನಿಮಿಷದ ಓತ್ಸು, ಅರ್ಧ ಗಂಟೆಯ ಒಸಾಕಾ ನೋಡಿ. ಒಮ್ಮೆ ಪ್ರವೇಶದ ಪ್ರವಾಸಿ ವೀಸಾವನ್ನು ಕೊಟ್ಟ ಮೂರು ತಿಂಗಳೊಳಗೆ ಬಳಸಬೇಕು, ತೀರಾ ಮುಂಚೆ ಅರ್ಜಿ ಹಾಕಬೇಡಿ.

ಯಾವ ದಿನಕ್ಕೆ ಯಾವ ಜಾಗ

ಮಾರ್ಚ್ ಕೊನೆಯ ವಾರವಾದರೆ ಹಳೆಯ ಅರಮನೆ ಉದ್ಯಾನ ಗ್ಯೋಎನ್‌ನಲ್ಲಿ ಶುರುಮಾಡಿ. ಇಮಾದೆಗಾವಾ ಮೆಟ್ರೊ ನಿಲ್ದಾಣದಲ್ಲಿಳಿದು ಒಳಗೆ ಹೋದರೆ, ಉತ್ತರ ತುದಿಯ ಕೊನೊಯೆ ನಿವಾಸದ ಜಾಗದಲ್ಲಿ ನೆಲದವರೆಗೆ ಕೊಂಬೆ ಇಳಿಬಿಟ್ಟ ಸಕುರ ಮರಗಳಿವೆ. ಟಿಕೆಟ್ ಇಲ್ಲ. ಮಾರುಯಾಮಾ ಪಾರ್ಕಿನ ದೊಡ್ಡ ಇಳಿಕೊಂಬೆ ಮರವೂ ಇದೇ ಆಸುಪಾಸಿನಲ್ಲಿ ಅರಳುತ್ತದೆ. ಹಿಂದಿನ ಮರ 1947ರಲ್ಲಿ ಸತ್ತ ಮೇಲೆ ಅದರ ಸಂತಾನವನ್ನೇ ಅಲ್ಲಿ ನೆಟ್ಟು ಬೆಳೆಸಿದ್ದಾರೆ. ಇದನ್ನು ಕತ್ತಲಾದ ಮೇಲೆ, ದೀಪದಲ್ಲಿ ನೋಡಿ.

ಏಪ್ರಿಲ್ ಮೊದಲ ವಾರ ಸೊಮೇಯ್ ಯೊಶಿನೊದ ಕಾಲ. ಒಂದೇ ಬೆಳಗ್ಗೆ ಕೊಡುವುದಾದರೆ ಈ ದಾರಿಗೆ ಕೊಡಿ. ಸೂರ್ಯ ಐದೂಮುಕ್ಕಾಲರ ಸುಮಾರಿಗೆ ಹುಟ್ಟುತ್ತಾನೆ. ಆರೂವರೆಗೆ ತೋಜಾಯ್ ಮೆಟ್ರೊ ಮಾರ್ಗದ ಕೇಆಗೆ ನಿಲ್ದಾಣದಲ್ಲಿರಿ. ಪಕ್ಕದಲ್ಲೇ 582 ಮೀಟರ್ ಉದ್ದದ ಹಳೆಯ ಇಳಿಜಾರು ಹಳಿಗಳಿವೆ. ಬಿವಾ ಸರೋವರದ ಕಾಲುವೆಯಲ್ಲಿ ಬಂದ ದೋಣಿಗಳನ್ನು ಗಾಲಿಬಂಡಿಗೇರಿಸಿ ಇಲ್ಲಿ ಎಳೆಯುತ್ತಿದ್ದರು. ಈಗ ಹಳಿಯ ಇಕ್ಕೆಲದಲ್ಲೂ ಹೂವು. ಕಾಲಡಿ ಜಲ್ಲಿ, ಮರದ ದಿಮ್ಮಿ. ಚಪ್ಪಲಿ ನಡೆಯುವುದಿಲ್ಲ, ಶೂ ಬೇಕು. ಒಂಬತ್ತರ ಹೊತ್ತಿಗೆ ಮದುವೆ ಫೋಟೊ ತೆಗೆಸುವವರಿಂದಲೇ ಹಳಿ ತುಂಬಿಹೋಗುತ್ತದೆ.

ಅಲ್ಲಿಂದ ನಾನ್ಜೆನ್‌ಜಿ ದೇಗುಲದ ಆವರಣ ದಾಟಿ ಉತ್ತರಕ್ಕೆ ನಡೆದರೆ ‘ತತ್ತ್ವಜ್ಞಾನಿಯ ದಾರಿ’ ಸಿಗುತ್ತದೆ. ಗಿಂಕಾಕುಜಿ ದೇಗುಲದವರೆಗೆ ಸುಮಾರು ಎರಡು ಕಿಲೋಮೀಟರ್ ಕಾಲುವೆ ದಂಡೆ. ದಕ್ಷಿಣದಿಂದ ಉತ್ತರಕ್ಕೇ ನಡೆಯಿರಿ, ಈ ಕಾಲುವೆಯ ನೀರು ಹರಿಯುವುದೂ ಅತ್ತಲೇ. ಉದುರುವ ಹೊತ್ತಿನಲ್ಲಿ ಎಸಳುಗಳು ನೀರಿನ ಮೇಲೆ ನಿಮ್ಮ ಜೊತೆಗೇ ಸಾಗುತ್ತವೆ. ಗಿಂಕಾಕುಜಿ ಬಾಗಿಲು ತೆರೆಯುವುದು ಎಂಟೂವರೆಗೆ, ಹೊತ್ತು ಸರಿಯಾಗಿ ಹೊಂದುತ್ತದೆ.

ಹೂವಿನ ಹದ ತಿಳಿಯಲು ಅದರ ನಡುಭಾಗ ನೋಡಿ. ಈಗಷ್ಟೇ ಅರಳಿದ್ದರಲ್ಲಿ ಅದು ಬಿಳಿಚಾಗಿರುತ್ತದೆ, ಎಸಳು ಬಿಗಿಯಾಗಿರುತ್ತದೆ. ಸಣ್ಣ ಮಳೆ ಬಂದರೂ ಅಷ್ಟಾಗಿ ಉದುರುವುದಿಲ್ಲ. ನಡುಭಾಗ ಕೆಂಪೇರಿದ್ದರೆ ಒಂದು ಗಾಳಿ ಸಾಕು, ಅಲ್ಲಿಗೆ ನಾಳೆ ಹೋದರಾಯಿತು ಎನ್ನಬೇಡಿ. ಬೋರ್ಡುಗಳಲ್ಲಿ ‘ಮಾಂಕಾಯ್’ ಎಂದರೆ ತುಂಬು ಹೂವು, ‘ಚಿರಿಹಾಜಿಮೆ’ ಎಂದರೆ ಉದುರಲು ಶುರು.

ತಡವಾಗಿ ಬಂದಿರಾ? ನಿರಾಸೆ ಬೇಡ. ಕಿತಾಯಾಮಾ ನಿಲ್ದಾಣದ ಬಳಿ, ಸಸ್ಯೋದ್ಯಾನಕ್ಕೂ ಕಾಮೊ ನದಿಗೂ ನಡುವಿನ ನಾಕರಾಗಿ ದಾರಿಯಲ್ಲಿ ಕಡುಗುಲಾಬಿ ಇಳಿಕೊಂಬೆಗಳು ಕೆಲವು ದಿನ ತಡವಾಗಿ ಅರಳುತ್ತವೆ. ಎಲ್ಲಕ್ಕಿಂತ ಕೊನೆಗೆ ನಿನ್ನಾಜಿ ದೇಗುಲದ ಓಮುರೊ ಸಕುರ. ಅಡಿಯಲ್ಲಿ ಗಟ್ಟಿ ಜೇಡಿಮಣ್ಣು, ಬೇರು ಆಳಕ್ಕಿಳಿಯುವುದಿಲ್ಲ. ಅದಕ್ಕೇ ಮರ ಎರಡು ಮೂರು ಮೀಟರಿಗಿಂತ ಎತ್ತರ ಹೋಗುವುದಿಲ್ಲ ಎನ್ನುತ್ತಾರೆ. ಕತ್ತೆತ್ತದೆ, ಕಣ್ಣೆದುರಿಗೇ ಹೂವು ನೋಡುವ ಸುಖ ಇಲ್ಲಿಯದು. ಕ್ಯೋಟೊದ ಬೇರೆಲ್ಲ ಜಾಗ ಬಿಟ್ಟರೂ ಇದನ್ನು ಬಿಡಬಾರದು. ಜೆಆರ್ (ಜಪಾನ್ ರೈಲ್ವೇಸ್) ರೈಲಿನಲ್ಲಿ ಹನಾಜೊನೊಗೆ ಹೋಗಿ ಕಾಲು ಗಂಟೆ ನಡೆಯಬೇಕು.

ಓಡಾಟ, ಊಟ

ಸಿಟಿ ಬಸ್ಸು ನೆಚ್ಚಿಕೊಂಡವರೇ ಹೆಚ್ಚು ಕೆಡುವುದು. ಗಿಯೊನ್, ಕಿಯೊಮಿಜು ಕಡೆಯ ಹಿಗಾಶಿಯೋಜಿ ರಸ್ತೆ ಮಧ್ಯಾಹ್ನ ಕಟ್ಟಿಕೊಂಡುಬಿಡುತ್ತದೆ. ದೂರವನ್ನು ಮೆಟ್ರೊ ಅಥವಾ ರೈಲಿನಲ್ಲಿ ಹೋಗಿ, ಉಳಿದದ್ದು ನಡೆಯಿರಿ. ಮೆಟ್ರೊ, ಬಸ್ಸು ಎರಡಕ್ಕೂ ಆಗುವ ದಿನದ ಪಾಸಿಗೆ 1,100 ಯೆನ್. ನಾಲ್ಕೈದು ಸಲ ಹತ್ತಿಳಿಯದಿದ್ದರೆ ಗಿಟ್ಟುವುದಿಲ್ಲ. ಬೆಳಗ್ಗೆ, ರಾತ್ರಿ ಆರೇಳು ಡಿಗ್ರಿಗೆ ಇಳಿಯುವುದುಂಟು. ಸ್ವೆಟರ್ ಮೇಲೊಂದು ಗಾಳಿ ತಡೆಯುವ ಜಾಕೆಟ್ ಇರಲಿ.

ಸಸ್ಯಾಹಾರಿಗಳು ಗಮನಿಸಬೇಕಾದದ್ದು ಮೀನನ್ನಲ್ಲ, ದಾಶಿಯನ್ನು. ಸೂಪು, ನೂಡಲ್ಸ್, ತರಕಾರಿ ಪಲ್ಯದಲ್ಲೂ ಒಣಮೀನಿನ ಈ ಸಾರು ಸೇರಿರುತ್ತದೆ. ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಇದು ಬಿಟ್ಟುಹೋಗುವುದಿಲ್ಲ. ‘ಕಾತ್ಸುಒ ದಾಶಿ ಬೇಡ’ ಎಂದು ಜಪಾನಿಯಲ್ಲಿ ಬರೆಸಿ ಫೋನಿನಲ್ಲಿಟ್ಟುಕೊಳ್ಳಿ. ದೇಗುಲಗಳ ಶೋಜಿನ್ ಊಟ ಸಸ್ಯಾಹಾರ, ಮುಂಗಡ ಹೇಳಿರಬೇಕು. ಹೂವಿನ ಕೆಳಗೆ ತಿನ್ನಲು ಗುಲಾಬಿ, ಬಿಳಿ, ಹಸಿರು ಉಂಡೆಗಳನ್ನು ಕಡ್ಡಿಗೆ ಚುಚ್ಚಿದ ಅಕ್ಕಿಹಿಟ್ಟಿನ ದಾಂಗೊ ಕೊಳ್ಳಿ.

ಫೋಟೊಕ್ಕಾಗಿ ಕೊಂಬೆ ಎಳೆಯಬೇಡಿ, ಅಲುಗಿಸಬೇಡಿ. ಚೆರ್ರಿ ಮರಕ್ಕೆ ಗಾಯವಾದರೆ ಅಲ್ಲಿಂದಲೇ ಕೊಳೆತ ಒಳನುಗ್ಗುತ್ತದೆ. ಬುಡದ ಸುತ್ತ ತುಳಿದರೆ ಮಣ್ಣು ಗಟ್ಟಿಯಾಗಿ ಬೇರಿಗೆ ಗಾಳಿ ಸಿಗದು. ಹಗ್ಗ ಕಟ್ಟಿದ್ದರೆ ಆಚೆಯೇ ನಿಲ್ಲಿ. ಕಸದ ಬುಟ್ಟಿಗಳು ಅಪರೂಪ, ಬೆನ್ನಚೀಲದಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇರಲಿ.